ಎರಡು ಬಾಯಿಯ ಬೆಂಕಿಗೂಡು

"ಟಾರ್ಚು ಎಡಕ್ಕೆ ಹಿಡಿಯಪ್ಪ. ನನ್ನ ಕಾಲು ನೋಡಿ ಏನು ಮಾಡ್ತೀಯ?" ಎಂದಳು ಮೇಸ್ತ್ರಮ್ಮ. ಗೂಡಿಗೆ ತುಂಬಿದ್ದ ಹಳೆಯ ಇಟ್ಟಿಗೆಗಳನ್ನು ಕಿತ್ತು ಪಕ್ಕಕ್ಕಿಟ್ಟು, ಸೊಂಟದಿಂದ ಮೇಲೆ ಅವಳು ಚಿಮಣಿಯೊಳಗಿದ್ದಳು. ಮಾತು ಬಾವಿಯೊಳಗಿಂದ ಬಂದ ಹಾಗೆ ಬರುತ್ತಿತ್ತು.

ಕಂಡಕ್ಟರ್ ಟಾರ್ಚನ್ನು ಎಡಕ್ಕೆ ತಿರುಗಿಸಿದ. ಬಸ್ಸಿನಲ್ಲಿ ಇಡೀ ಊರನ್ನು ಹಿಂದಕ್ಕೆ ಮುಂದಕ್ಕೆ ತಳ್ಳುವ ಗಂಟಲು ಅವನದು. ಮನೆಯೊಳಗೆ ಮಾತ್ರ ಬೆಕ್ಕಿನ ಮರಿ. "ಹೇಗಿದೆ ಮೇಸ್ತ್ರಮ್ಮ? ಉಪಯೋಗಕ್ಕೆ ಬರುತ್ತಾ?"

"ಚಿಮಣಿಗೇನು, ಗಟ್ಟಿಮುಟ್ಟಾಗಿದೆ. ನಮ್ಮಪ್ಪ ಕಟ್ಟಿದ್ದು. ಮೇಲೆ ಆಕಾಶ ಕಾಣ್ತಿದೆ, ಜೊತೆಗೊಂದು ಕಾಗೆ ಗೂಡೂ ಕಾಣ್ತಿದೆ." ಅವಳು ಬಗ್ಗಿ ಹೊರಗೆ ಬಂದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮುಖದ ಮಸಿಯನ್ನು ಒರೆಸಿಕೊಳ್ಳಲು ಹೋಗಿ ಇನ್ನಷ್ಟು ಹರಡಿಕೊಂಡಳು. ಆಮೇಲೆ ಎದುರಿನ ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದಳು. "ಕೆಟ್ಟಿರೋದು ಇದು. ಬೆಂಕಿಗೂಡಿನ ನಟ್ಟನಡುವೆ ಗೋಡೆ ಎಬ್ಬಿಸಿದ ಪುಣ್ಯಾತ್ಮ ಯಾರು?"

"ಕಟ್ಟಿದ್ದು ಯಾವನೋ ಕೂಲಿಯವನು. ಕಟ್ಟಿಸಿದ್ದು ಅಮ್ಮನ ಸಿಟ್ಟು, ಚಿಕ್ಕಮ್ಮನ ಹಠ."

ಅದು ಮೇಸ್ತ್ರಮ್ಮನಿಗೆ ಗೊತ್ತಿಲ್ಲದ್ದೇನೂ ಅಲ್ಲ. ಬೀದಿಗೆಲ್ಲ ಗೊತ್ತಿದ್ದದ್ದೇ. ಕಂಡಕ್ಟರನ ಅಮ್ಮನಿಗೂ ಅವರ ತಂಗಿಗೂ ತಂದೆಯಿಂದ ಬಂದ ಮನೆ ಅದು. ದೊಡ್ಡಮ್ಮ, ಚಿಕ್ಕಮ್ಮ ಎಂದು ಬೀದಿಯವರೆಲ್ಲ ಕರೆಯುತ್ತಿದ್ದ ಆ ಇಬ್ಬರೂ, ತಮ್ಮ ಗಂಡಂದಿರು ತೀರಿಕೊಂಡ ಮೇಲೂ, ಒಂದೇ ಸೂರಿನಡಿ, ಒಂದೇ ಬೆಂಕಿಯ ಮುಂದೆ ಬದುಕಿದವರು. ದೊಡ್ಡಮ್ಮ ಕಥೆ ಹೇಳಲು ಕೂತರೆ ಬೀದಿಯ ಮಕ್ಕಳೆಲ್ಲ ಕಿಟಕಿಗೆ ನೇತುಬೀಳುತ್ತಿದ್ದರು. ಅವರ ಕಥೆಗಳಲ್ಲೆಲ್ಲ ದೊಡ್ಡದು ಕೆಂಡ ನುಂಗಿದ ಮೃಗದ್ದು. ಚಳಿಗಾಲದಲ್ಲಿ ಬೆಟ್ಟದಿಂದ ಇಳಿದು ಬಂದ ಮೃಗವೊಂದು ಊರಿನ ಕೊನೆಯ ಕೆಂಡವನ್ನು ನುಂಗಿ ಬೆಟ್ಟಕ್ಕೆ ವಾಪಸು ಹೋಗುತ್ತದೆ. ಊರು ಚಳಿಯಲ್ಲಿ ನಡುಗುತ್ತ ಕೂರುತ್ತದೆ. ಇವತ್ತಿಗೂ ಕತ್ತಲಾದ ಮೇಲೆ ನೋಡಿದರೆ ಬೆಟ್ಟದ ಮೇಲೆ ಒಂದು ಬೆಳಕು ಓಡಾಡುವುದು ಕಾಣುತ್ತದಂತೆ.

ಒಂದು ಸಲ ನೆಂಟರ ಮದುವೆಯಲ್ಲಿ ಎಲ್ಲರೂ ಅದೇ ಕಥೆ ಬೇಕೆಂದು ಹಿಡಿದರು. ದೊಡ್ಡಮ್ಮನಿಗೆ ಆವತ್ತು ಗಂಟಲು ಕಟ್ಟಿ ಧ್ವನಿಯೇ ಹೊರಡುತ್ತಿರಲಿಲ್ಲ. ಚಿಕ್ಕಮ್ಮನೇ ಹೇಳಿದರು. ಹೇಳಿದ್ದಷ್ಟೇ ಅಲ್ಲ, ಕೊನೆಯನ್ನು ಬದಲಾಯಿಸಿಬಿಟ್ಟರು. ಒಬ್ಬ ಮುದುಕಿ ಮೃಗದ ಕಂಕುಳಲ್ಲಿ ಕಚಗುಳಿ ಇಟ್ಟಳಂತೆ, ಮೃಗ ನಕ್ಕಿತಂತೆ, ಕೆಂಡ ಬಾಯಿಂದ ಪುಟಕ್ಕನೆ ಹೊರಗೆ ಬಿತ್ತಂತೆ! ಮದುವೆಮನೆ ಬಿದ್ದು ಬಿದ್ದು ನಕ್ಕಿತು. ದೊಡ್ಡಮ್ಮ ಎದ್ದು ನಿಂತು ಬಾಯಿ ತೆರೆದರು, ಮಾತು ಬರಲಿಲ್ಲ. ಧ್ವನಿ ಬಂದ ದಿನ ಅವರ ಬಾಯಿಂದ ಬಂದ ಮೊದಲ ಮಾತು, "ನನ್ನ ಮನೆ ನನಗೆ ಬೇರೆ ಮಾಡಿಕೊಡಿ."

ಪಾಲು ಮಾಡಲು ದಾರ ಹಿಡಿದಾಗ ಅದು ಬೆಂಕಿಗೂಡಿನ ನಡುಮಧ್ಯಕ್ಕೇ ಬಂತು. ಯಾರಾದರೂ ಒಬ್ಬರು ಒಂದು ಗೇಣು ಬಿಟ್ಟುಕೊಟ್ಟಿದ್ದರೆ ಒಬ್ಬರಿಗಾದರೂ ಬೆಂಕಿ ಉಳಿಯುತ್ತಿತ್ತು. ಬೆಂಕಿ ಅವಳ ಪಾಲಿಗೆ ಮಾತ್ರ ಹೋಗಕೂಡದು ಎಂದು ಇಬ್ಬರೂ ಪಟ್ಟು ಹಿಡಿದರು. ನಡುವೆ ಗೋಡೆ ಎಬ್ಬಿಸಿ, ಗೂಡಿಗೆ ಇಟ್ಟಿಗೆ ತುಂಬಿ ಮುಚ್ಚಿದರು. ಅಲ್ಲಿಂದ ಈಚೆಗೆ ಆ ಎರಡು ಮನೆಗಳಲ್ಲಿ ಚಳಿಯೊಂದೇ ಸಮಪಾಲಾಗಿ ಉಳಿದದ್ದು.

"ಬರೀ ಬೆಚ್ಚಗಾದ್ರೆ ಸಾಲದು," ಎಂದ ಕಂಡಕ್ಟರ್, ಒಳಕೋಣೆಯ ಕಡೆ ಒಮ್ಮೆ ನೋಡಿ ಧ್ವನಿ ಇಳಿಸಿ. "ಅಷ್ಟಕ್ಕಾದ್ರೆ ಅಂಗಡಿಯಿಂದ ಹೀಟರ್ ತರ್ತಿದ್ದೆ. ಗೋಡೆ ಎದ್ದ ಮೇಲೆ ಅಮ್ಮ ಒಂದು ಕಥೆನೂ ಹೇಳಿಲ್ಲ. ಈಗ ಮರೆವು ಬೇರೆ ಶುರುವಾಗಿದೆ. ಮೊನ್ನೆ ಅಂಗಡಿಗೆ ಹೋದೋಳು ನಮ್ಮ ಬೀದಿ ತಿರುವು ಮರೆತು ನಿಂತಿದ್ಳು. ಇವತ್ತು ಬೀದಿ ಹೋಯ್ತು, ನಾಳೆ ಕಥೆ ಹೋಗುತ್ತೆ. ನನ್ನ ಮಕ್ಕಳು ಒಂದೂ ಕೇಳಿಲ್ಲ. ಮುಂದೆ ಕೂತ್ರೆ ಬಾಯಿ ತಾನಾಗಿ ಬಿಚ್ಚಬೇಕು, ಅಂಥದ್ದೊಂದು ಕಟ್ಟಿಕೊಡಿ."

"ಡಾಕ್ಟರನ್ನ ಕೇಳೋದನ್ನ ಗಾರೆಯವಳನ್ನ ಕೇಳ್ತಿದ್ದೀಯಲ್ಲೋ!" ಮೇಸ್ತ್ರಮ್ಮ ನಕ್ಕಳು. ಆಮೇಲೆ ಅವನ ಮುಖ ನೋಡಿ, "ಆಗಲಿ. ಕಟ್ತೀನಿ," ಎಂದಳು. ಆಗುವುದಿಲ್ಲ ಎಂಬ ಮಾತು ಅವಳ ಬಾಯಿಗೆ ಒಗ್ಗುತ್ತಿರಲಿಲ್ಲ.

ಅವಳ ಕೆಲಸದ ಕ್ರಮವೇ ಬೇರೆ. ಕಾಗದದ ಮೇಲೆ ಗೆರೆ ಎಳೆಯುವವಳಲ್ಲ. ಹಲಗೆಯ ಮೇಲೆ ಹಸಿ ಮಣ್ಣಿನಲ್ಲಿ ಒಂದು ಪುಟ್ಟ ಬೆಂಕಿಗೂಡು ಮಾಡಿ, ಮನೆಯವರ ಮುಂದೆ ಇಟ್ಟು, ಅವರ ಮುಖ ನೋಡುವುದು. ಹಿತ್ತಲಲ್ಲಿ ಗಂಡ ಮಣ್ಣು ಕಲಸಿಕೊಟ್ಟ. ಅವನು ಮಾತು ಕಡಿಮೆಯ ಮನುಷ್ಯ. ಮದುವೆಯಾದಾಗಿನಿಂದ ಅವಳು ಆಡಿದ್ದಕ್ಕೆಲ್ಲ "ಹ್ಞೂಂ" ಎನ್ನುತ್ತ ಮಣ್ಣು ತುಳಿದುಕೊಂಡು ಬಂದವನು. ಈ ಸಲ ಅವಳ ಕೈಗೆ ಹುಚ್ಚೇ ಹಿಡಿದಿತ್ತು. ಕಮಾನಿನ ಸುತ್ತ ಬೆಟ್ಟ ಬಂತು, ಊರು ಬಂತು, ಮೃಗ ಇಳಿದು ಬಂತು, ಕೆಂಡ ನುಂಗಿತು, ಜನ ಮುದುರಿ ಕೂತರು, ಕೊನೆಗೆ ಬೆಟ್ಟದ ತುದಿಯಲ್ಲಿ ಬೆಳಕೂ ಬಂತು. ಅಂಗೈ ಅಗಲದ ಜಾಗವನ್ನೂ ಅವಳು ಬರಿದೆ ಬಿಡಲಿಲ್ಲ.

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಅದನ್ನು ಸುತ್ತಿ ಸುತ್ತಿ ನೋಡಿದರು. ಮೊಮ್ಮಕ್ಕಳಿಬ್ಬರೂ ಬೆರಳಿಟ್ಟು ಮೃಗದ ಕಿವಿ ಮುಟ್ಟಿ, ಅಂಟಿದ ಮಣ್ಣನ್ನು ಒಬ್ಬರಿಗೊಬ್ಬರು ಬಳಿದುಕೊಂಡು ಹೊರಗೆ ಓಡಿದರು.

"ಚೆನ್ನಾಗಿದೆ ಕಣೇ. ನಿಮ್ಮಪ್ಪನ ಕೈಯೇ ನಿನಗೆ ಬಂದಿದೆ," ಎಂದರು ದೊಡ್ಡಮ್ಮ.

"ಹಾಗಾದ್ರೆ ಕಥೆ ಹೇಳಿ ದೊಡ್ಡಮ್ಮ."

"ಇನ್ನೇನು ಹೇಳೋದು? ಎಲ್ಲಾ ನೀನೇ ಹೇಳಿಬಿಟ್ಟಿದ್ದೀಯಲ್ಲ. ನಾನ್ಯಾಕೆ ಬಾಯಿ ನೋಯಿಸ್ಕೊಳ್ಳಲಿ?" ಅವರು ಕನ್ನಡಕ ಮಡಿಸಿಟ್ಟು, ಶಾಲು ಬಿಗಿಯಾಗಿ ಹೊದ್ದು, ಮತ್ತೆ ಗೋಡೆಗೆ ಮುಖ ಮಾಡಿ ಕೂತರು.

ಬೇರೆಯವರಾಗಿದ್ದರೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರೇನೋ. ಮೇಸ್ತ್ರಮ್ಮ ಅಲ್ಲೇ ಹಲಗೆಯ ಮೇಲೆ ಎರಡೂ ಅಂಗೈ ಊರಿ, ಬೆಟ್ಟ, ಊರು, ಮೃಗ ಎಲ್ಲವನ್ನೂ ಒತ್ತಿ ಮುದ್ದೆ ಮಾಡಿದಳು. ಮಣ್ಣಿಗೆ ಬೇಜಾರಾಗುವುದಿಲ್ಲ. ಅದಕ್ಕೇ ಅವಳಿಗೆ ಮಣ್ಣೆಂದರೆ ಇಷ್ಟ.

ಹೋಗುವ ದಾರಿಯಲ್ಲಿ ಗಂಡ ಕೈಗಾಡಿ ತಳ್ಳುತ್ತಿದ್ದ, ಅವಳು ಪಕ್ಕದಲ್ಲಿ ಮಾತಾಡುತ್ತ ನಡೆಯುತ್ತಿದ್ದಳು. "ಎಲ್ಲಾ ಹೇಳಬಾರದಿತ್ತು, ನೋಡು. ಬೀಗರ ಊಟದಲ್ಲಿ ಎಲೆ ತುಂಬ ಬಡಿಸಿಬಿಟ್ರೆ ಕೇಳಿ ಹಾಕಿಸ್ಕೊಳ್ಳೋಕೆ ಏನಿರುತ್ತೆ? ಅರ್ಧ ಬಿಡಬೇಕಿತ್ತು. ಆದ್ರೆ ಯಾವ ಅರ್ಧ…" ಎನ್ನುತ್ತಿದ್ದವಳು ತಟ್ಟನೆ ನಿಂತಳು. ಮಾತು ಮುಂದೆ ಹೋಗುತ್ತಿರಲಿಲ್ಲ. ಏನೋ ಕೊರತೆ. ಮೆಟ್ಟಿಲಿದೆ ಎಂದು ಕಾಲಿಟ್ಟರೆ ಮೆಟ್ಟಿಲೇ ಇಲ್ಲದ ಹಾಗೆ.

"ಏನ್ರೀ, ಕೇಳಿಸ್ಕೊಳ್ತಾ ಇದ್ದೀರಾ?"

ಗಂಡ ತನ್ನ ಊದಿದ ಕೆನ್ನೆಯನ್ನು ತೋರಿಸಿದ. "ಹಲ್ಲು," ಎಂದ ಕಷ್ಟಪಟ್ಟು. ಬೆಳಗ್ಗಿನಿಂದ ಅವನು ಬಾಯಿಯನ್ನೇ ಬಿಟ್ಟಿರಲಿಲ್ಲ.

ಅವಳು ಬೀದಿಯ ನಡುವೆ ಅವನನ್ನೇ ನೋಡುತ್ತ ನಿಂತಳು. ಅವಳಿಗೆ ಆ ಹಳೆಯ ಕೋಣೆ ಕಂಡಿತು. ಅಪ್ಪನ ಜೊತೆ ಚಿಮಣಿ ಗುಡಿಸಲು ಹೋಗಿ ಕಥೆಗೆ ಕೂತುಬಿಟ್ಟ ಆ ಸಂಜೆ. ಬೆಂಕಿಯ ಈಚೆ ದೊಡ್ಡಮ್ಮ. ಆಚೆ, ಮೊಣಕಾಲ ಮೇಲೆ ಗಲ್ಲವಿಟ್ಟ ಚಿಕ್ಕಮ್ಮ. ಪ್ರತಿ ಮಾತಿನ ಕೊನೆಗೂ ಅಲ್ಲಿಂದ ಒಂದು "ಹ್ಞೂಂ". ಭಯದ ಕಡೆ ಸಣ್ಣದು, ಆಶ್ಚರ್ಯದ ಕಡೆ ಉದ್ದನೆಯದು. ಮಕ್ಕಳು ಬಾಯಿ ಕಳೆದು ಕೇಳುತ್ತಿದ್ದರು, ಆದರೆ ಹೂಂಗುಟ್ಟುತ್ತಿದ್ದುದು ಚಿಕ್ಕಮ್ಮ ಒಬ್ಬರೇ.

"ಗಾಡಿ ತಿರುಗಿಸಿ. ಮೊದಲು ನಿಮ್ಮ ಹಲ್ಲು ಕೀಳಿಸೋಣ," ಎಂದಳು. "ನೀವು ಹ್ಞೂಂ ಅನ್ನದೆ ಇದ್ರೆ ನಾನು ಮೂಗಿ."

ಮಾರನೆಯ ಬೆಳಗ್ಗೆ ಅವಳು ಕಂಡಕ್ಟರನ ಮನೆಯ ಬಾಗಿಲು ದಾಟಿ ಪಕ್ಕದ ಬಾಗಿಲು ತಟ್ಟಿದಳು. ಚಿಕ್ಕಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ತಲೆ ಎತ್ತಲಿಲ್ಲ, ಕಾಲೂ ನಿಲ್ಲಲಿಲ್ಲ.

"ಆ ಕಡೆಯಿಂದ ಗೋಡೆ ಕೆರೆಯೋ ಸದ್ದು ಕೇಳಿಸ್ತಿತ್ತು. ಇಲಿ ಅಂದ್ಕೊಂಡಿದ್ದೆ."

"ಇಲಿಯೇ ಚಿಕ್ಕಮ್ಮ. ತೂತು ಕೊರೆಯೋಕೆ ಅಪ್ಪಣೆ ಕೇಳೋ ಮರ್ಯಾದಸ್ಥ ಇಲಿ." ಅವಳು ನೆಲದ ಮೇಲೆ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಚಿಮಣಿ ಒಂದೇ, ಗೂಡಿಗೆ ಎರಡು ಬಾಯಿ ಇಡಬಹುದು, ಬೆಂಕಿ ನಡುವೆ ಉರಿಯುತ್ತದೆ, ಎರಡು ಮನೆಗೂ ಬೆಚ್ಚಗಾಗುತ್ತದೆ.

ಚಿಕ್ಕಮ್ಮ ಕೈಬೆರಳನ್ನು ಬಿಚ್ಚಿ ಮಡಿಸಿದರು. ಚಳಿಗೆ ಗೆಣ್ಣುಗಳು ಊದಿದ್ದವು. ಸೂಜಿಗೆ ದಾರ ಪೋಣಿಸಲು ಮಗಳು ಕೆಲಸದಿಂದ ಬರುವವರೆಗೂ ಕಾಯುವ ಹಾಗಾಗಿತ್ತು. "ಬೆಂಕಿ ಬೇಕು. ಅವಳ ಮುಖ ಬೇಡ."

"ಮುಖ ಕಾಣದ ಹಾಗೆ ಕಟ್ತೀನಿ. ಧ್ವನಿ?"

ಯಂತ್ರ ನಿಂತಿತು. "ಧ್ವನಿಗೇನಂತೆ? ಬೀದಿ ನಾಯಿ ಬೊಗಳೋದೂ ಕೇಳುತ್ತೆ ಈ ಮನೇಲಿ," ಎಂದರು. ಮತ್ತೆ ಯಂತ್ರ ಓಡಿತು.

"ಒಂದು ಕೇಳ್ತೀನಿ, ಬೈಬೇಡಿ. ಆ ಕಥೆ ಯಾಕೆ ಬದಲಾಯಿಸಿದ್ರಿ?"

"ಮದುಮಗಳು ಅಮ್ಮನ್ನ ಬಿಟ್ಟು ಹೋಗಬೇಕಲ್ಲ ಅಂತ ಆಗಲೇ ಕಣ್ಣಲ್ಲಿ ನೀರು ತುಂಬ್ಕೊಂಡಿದ್ಳು. ಅವಳ ಮುಂದೆ ಊರಿಗೆ ಊರೇ ಚಳೀಲಿ ನಡುಗೋದು ಹೇಳೋಕಾಗುತ್ತಾ? ಬಾಯಿಗೆ ಬಂದದ್ದು ಹೇಳಿ ನಗಿಸಿದೆ."

"ಇದನ್ನ ಅಕ್ಕನಿಗೆ ಹೇಳಿದ್ರಾ?"

"ಅವಳು ಕೇಳಿದ್ದರೆ ತಾನೆ! ಹೇಳೋದು ಗೊತ್ತು, ಕೇಳೋದು ಯಾವತ್ತು ಗೊತ್ತಿತ್ತು ಅವಳಿಗೆ?" ಬಟ್ಟೆಯನ್ನು ಜೋರಾಗಿ ತಿರುಗಿಸಿ, "ಅಳತೆ ತೊಗೊಳೋದಿದ್ರೆ ತೊಗೊಂಡು ಹೋಗು," ಎಂದರು.

ಈಚೆ ಮನೆಯಲ್ಲಿ ದೊಡ್ಡಮ್ಮನದು ಬೇರೆಯೇ ವರಾತ. ಆಚೆಗೂ ಬೆಂಕಿ ಹೋಗುತ್ತದೆ ಎಂದಾಗ ಹುಬ್ಬು ಗಂಟಿಕ್ಕಿದರು. ಮಗ ಕಣ್ಣಲ್ಲೇ ಬೇಡಿಕೊಂಡ. ಕೊನೆಗೆ, "ಮೃಗದ ತಲೆ ನನ್ನ ಕಡೆ ಇರಬೇಕು. ಕಥೆ ನನ್ನದು. ಅವಳಿಗೆ ಬೇಕಾದ್ರೆ ಬಾಲ ಕೊಡು," ಎಂದರು. ಮೇಸ್ತ್ರಮ್ಮ ಈ ಮಾತಿಗೆ ಉಪ್ಪು ಖಾರ ಹಚ್ಚದೆ ಆಚೆ ಮನೆಗೆ ಮುಟ್ಟಿಸಿದಳು. ಚಿಕ್ಕಮ್ಮ ಹಲ್ಲಲ್ಲಿ ದಾರ ಕಡಿದು, "ಇರಲಿ ಬಿಡು. ಅಲ್ಲಾಡೋದು ಬಾಲ ತಾನೆ," ಎಂದರು.

ಕೆಲಸ ಶುರುವಾಯಿತು. ಎರಡು ಬಾಯಿಯ ಗೂಡು ಕಟ್ಟುವುದೆಂದರೆ ಗಾರೆಯವರು ಹಿಂದೇಟು ಹಾಕುತ್ತಾರೆ. ಒಂದು ಮನೆಯ ಬಾಗಿಲಿಂದ ನುಗ್ಗಿದ ಗಾಳಿ ಹೊಗೆಯನ್ನು ಮೇಲಕ್ಕೆ ಬಿಡದೆ ಇನ್ನೊಂದು ಮನೆಗೆ ಅಟ್ಟುತ್ತದೆ. ಮೇಸ್ತ್ರಮ್ಮ ಹೆದರಲಿಲ್ಲ. ಚಿಮಣಿಯ ಕುತ್ತಿಗೆಯನ್ನು ಕಿರಿದು ಮಾಡಿ, ಒಳಗೆ ಅಂಗೈಯಿಂದಲೇ ನುಣ್ಣಗೆ ಗಾರೆ ಬಳಿದಳು. ಎರಡು ಬಾಯಿಗಳನ್ನು ಎದುರುಬದುರು ಇಡಲಿಲ್ಲ. ಒಂದನ್ನು ಒಂದು ಮೊಳ ಎಡಕ್ಕೆ, ಇನ್ನೊಂದನ್ನು ಒಂದು ಮೊಳ ಬಲಕ್ಕೆ ಸರಿಸಿ, ನಡುವೆ ಇಟ್ಟಿಗೆಯ ದುಂಡನೆ ಉಬ್ಬು ಎಬ್ಬಿಸಿದಳು. ಬೆಳಕು ಆ ಉಬ್ಬನ್ನು ಬಳಸಿ ಬರುತ್ತದೆ, ಧ್ವನಿ ಬಳಸಿ ಬರುತ್ತದೆ, ನೋಟ ಮಾತ್ರ ಅಲ್ಲೇ ತಡೆದು ನಿಲ್ಲುತ್ತದೆ. ತಾನೇ ಈಚೆ ಕೂತು, ಗಂಡನನ್ನು ಆಚೆ ಕೂರಿಸಿ, "ಕಾಣ್ತೀನಾ?" ಎಂದಳು.

"ಇಲ್ಲ."

"ಕೇಳಿಸ್ತೀನಾ?"

"ಅದು ಯಾವತ್ತು ತಪ್ಪಿದೆ?" ಎಂದ ಗಂಡ. ಹಲ್ಲು ಕಿತ್ತ ಮೇಲೆ ಅವನಿಗೂ ಒಂದೊಂದು ಮಾತು ಬರತೊಡಗಿತ್ತು.

ಆಮೇಲೆ ಮೃಗ. ಈ ಸಲ ಬೆಟ್ಟವಿಲ್ಲ, ಊರಿಲ್ಲ, ಜನವಿಲ್ಲ. ಗೋಡೆಯನ್ನೇ ತೂರಿಕೊಂಡು ಮಲಗಿದ ಹಾಗೆ ಒಂದೇ ಒಂದು ದೊಡ್ಡ ಮೃಗ. ಮುಂಗಾಲು, ಎದೆ, ತಲೆ ದೊಡ್ಡಮ್ಮನ ಮನೆಯಲ್ಲಿ. ಹಿಂಗಾಲು, ಸುರುಳಿ ಸುತ್ತಿದ ಬಾಲ ಚಿಕ್ಕಮ್ಮನ ಮನೆಯಲ್ಲಿ. ಬೆಂಕಿ ಅದರ ಹೊಟ್ಟೆಯೊಳಗೆ. ಕರಡಿಯೋ ಎಮ್ಮೆಯೋ ಎಂದು ಯಾರೂ ಹೇಳುವಂತಿರಲಿಲ್ಲ. ತಲೆಯನ್ನು ನೆಲದ ಹತ್ತಿರ, ಮಕ್ಕಳ ಕೈಗೆ ಸಿಗುವ ಹಾಗೆ ಇಟ್ಟಳು. ಬಾಯಿಯನ್ನು ಅರ್ಧ ತೆರೆದು ಬಿಟ್ಟಳು. ಅಲ್ಲಿ ಅವಳ ಕೈ ಬಹಳ ಹೊತ್ತು ಆಡಿತು. ತುಟಿ ತುಸು ಹಿಂದಕ್ಕೆ ಹೋದರೆ ನಗು, ತುಸು ಮುಂದೆ ಬಂದರೆ ಹಸಿವು. ಎರಡರ ನಡುವೆ ಎಲ್ಲೋ ಒಂದು ಕಡೆ ಅವಳು ಕರಣೆ ತೆಗೆದಳು.

"ನುಂಗ್ತಾ ಇದೆಯಾ, ಉಗುಳ್ತಾ ಇದೆಯಾ?" ಎಂದು ಕೇಳಿದಳು ಕಂಡಕ್ಟರನ ಕಿರಿಯ ಮಗಳು.

"ನನಗೇನು ಗೊತ್ತು? ನಾನು ಗಾರೆಯವಳು. ನಿಮ್ಮಜ್ಜಿಯನ್ನ ಕೇಳು."

ಹುಡುಗಿ ಅಜ್ಜಿಯ ಕಡೆ ತಿರುಗಿದಳು. ದೊಡ್ಡಮ್ಮ ಕೇಳಿಸದವರಂತೆ ಕೂತಿದ್ದರು. ಆದರೆ ಕನ್ನಡಕ ಈ ಸಲ ಮಡಿಸಿರಲಿಲ್ಲ.

ಗಾರೆ ಒಣಗಿದ ಮೇಲೆ ಒಂದು ಸಂಜೆ ಬೆಂಕಿ ಹೊತ್ತಿಸುವುದೆಂದು ಗೊತ್ತಾಯಿತು. ಮೇಸ್ತ್ರಮ್ಮ ಸೌದೆ ಜೋಡಿಸಿ ಕಡ್ಡಿ ಗೀರಿದಳು. ಉರಿ ಎದ್ದಿತು, ಹೊಗೆ ಒಂದು ಗಳಿಗೆ ಯೋಚಿಸಿತು, ಆಮೇಲೆ ಸರ್ರನೆ ಆಚೆ ಮನೆಗೆ ನುಗ್ಗಿತು.

"ಅಯ್ಯೋ, ನನ್ನ ಮನೆಗೆ ಹೊಗೆ ಅಟ್ತಿದ್ದಾಳೆ! ಅವಳ ಬೀದಿ ಬಾಗಿಲು ಹಾಕೋಕೆ ಹೇಳೇ!" ಗೋಡೆಯಾಚೆಯಿಂದ ಚಿಕ್ಕಮ್ಮನ ಕೆಮ್ಮು, ಕೂಗು.

"ನನ್ನ ಬಾಗಿಲು ನನ್ನಿಷ್ಟ! ಅವಳ ಹಿತ್ತಲ ಕಿಟಕಿ ಹಾರು ಹೊಡೆದಿದೆ, ಅದನ್ನ ಮುಚ್ಚೋಕೆ ಹೇಳು!" ದೊಡ್ಡಮ್ಮ ಇಲ್ಲಿಂದ.

"ಕಿಟಕಿ ತೆರೆದಿರೋದು ಅವಳಿಗೆ ಹೇಗೆ ಗೊತ್ತು ಅಂತ ಕೇಳು!"

"ಹುಟ್ಟಿದಾಗಿನಿಂದ ಯಾವತ್ತು ಕಿಟಕಿ ಮುಚ್ಚಿದ್ದಾಳೆ ಅಂತ ನೀನೇ ಕೇಳು!"

ಕಂಡಕ್ಟರ್ ಕಣ್ಣುಜ್ಜಿಕೊಳ್ಳುತ್ತ ಮೇಸ್ತ್ರಮ್ಮನ ಕಡೆ ಗಾಬರಿಯಿಂದ ನೋಡಿದ. ಅವಳು ಕೈಕಟ್ಟಿ ನಿಂತಿದ್ದಳು, ಕಟ್ಟಿದ ಕೆಲಸ ಕಟ್ಟಿದ ಹಾಗೆ ನಡೆಯುತ್ತಿದೆ ಎನ್ನುವವಳಂತೆ. "ಎರಡು ಮನೆಯವರೂ ಒಂದೇ ಸಲ ಮುಚ್ಚಿ," ಎಂದಳು ಗೋಡೆಗೂ ಕೇಳುವಂತೆ. "ಒಬ್ಬರು ಮುಚ್ಚಿ ಒಬ್ಬರು ತೆರೆದ್ರೆ ಹೊಗೆ ತಪ್ಪಲ್ಲ. ದಿನಾ ಹೊತ್ತಿಸೋ ಮುಂಚೆ ಒಂದು ಮಾತು ಕೇಳ್ಕೋಬೇಕಾಗುತ್ತೆ. ಅಷ್ಟೇ."

ಬಾಗಿಲು ಧಡಾರನೆ ಹಾಕಿದ ಸದ್ದು, ಕಿಟಕಿ ಪಟಾರನೆ ಮುಚ್ಚಿದ ಸದ್ದು. ಹೊಗೆ ಒಮ್ಮೆ ಹೊರಳಿ, ಮೃಗದ ಬೆನ್ನೊಳಗಿಂದ ನೆಟ್ಟಗೆ ಮೇಲೇರಿತು. ಉರಿ ಗುಂಯ್ ಎಂದು ಸ್ವರ ಹಿಡಿಯಿತು. ಮೃಗದ ಅರ್ಧ ತೆರೆದ ಬಾಯೊಳಗೆ, ಗಂಟಲಿನ ತೂತಿನಿಂದ, ಕೆಂಪು ಬೆಳಕು ಆಡತೊಡಗಿತು.

ಮಕ್ಕಳು ಅದರ ಮುಂಗಾಲುಗಳ ನಡುವೆ ಕೂತರು. ದೊಡ್ಡಮ್ಮ ತಾವಾಗಿಯೇ ಮಣೆಯನ್ನು ಗೋಡೆಯಿಂದ ಬೆಂಕಿಯ ಕಡೆಗೆ ತಿರುಗಿಸಿದರು. ಕೈ ಕಾಯಿಸಿದರು. ಆ ಬೆಳಕನ್ನು ನೋಡಿದರು.

"ಒಂದೂರು," ಎಂದರು.

ಕಂಡಕ್ಟರ್ ಒಂದು ಹೆಜ್ಜೆ ಮುಂದೆ ಬಂದ.

"ಒಂದೂರು. ಬೆಟ್ಟದ ಬುಡದಲ್ಲಿ." ದೊಡ್ಡಮ್ಮ ಅಷ್ಟಕ್ಕೇ ನಿಲ್ಲಿಸಿದರು. ಮಕ್ಕಳು ಕಣ್ಣರಳಿಸಿ ಕೂತಿದ್ದರು, ಅಷ್ಟೇ. "ಬೆಟ್ಟದ ಬುಡದಲ್ಲಿ…" ಅವರ ಕೈ ಶಾಲಿನ ಅಂಚನ್ನು ಹುಡುಕಿತು. ಮುಂದಿನ ಮಾತು ಎಲ್ಲೋ ತಿರುವಿನಲ್ಲಿ ತಪ್ಪಿಹೋಗಿತ್ತು. ಕಂಡಕ್ಟರ್ ಬಾಯಿ ತೆರೆದ. ಮೇಸ್ತ್ರಮ್ಮ ಅವನ ತೋಳು ಹಿಡಿದು ತಲೆಯಾಡಿಸಿದಳು.

ಸೌದೆಯೊಂದು ಚಟ್ಟನೆ ಸಿಡಿಯಿತು. ಆ ಸದ್ದಿನ ಹಿಂದೆಯೇ, ಬೆಂಕಿಯಾಚೆಯಿಂದ, ಬೇಕೋ ಬೇಡವೋ ಎಂಬಂತೆ, "ಹ್ಞೂಂ."

ದೊಡ್ಡಮ್ಮ ಆ ಕಡೆ ತಿರುಗಲಿಲ್ಲ. ತಿರುಗಿದ್ದರೂ ಇಟ್ಟಿಗೆಯ ಉಬ್ಬು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಬೆನ್ನು ಮಾತ್ರ ನೆಟ್ಟಗಾಯಿತು. "ಬೆಟ್ಟದ ಬುಡದಲ್ಲಿ ಒಂದೂರು. ಆ ವರ್ಷ ಎಂಥಾ ಚಳಿ ಅಂದ್ರೆ, ಆಡಿದ ಮಾತು ಬಾಯಿಂದ ಹೊರಗೆ ಬರೋ ಮುಂಚೆ ಹೆಪ್ಪುಗಟ್ತಿತ್ತು."

"ಹ್ಞೂಂ."

"ಜನ ಮಾತನ್ನ ಬಾಣಲೇಲಿ ಹಾಕಿ ಕಾಯಿಸ್ಕೊಂಡು ಕೇಳಿಸ್ಕೊಳ್ತಿದ್ರು."

ಆಚೆಯಿಂದ ಮೂಗಿನಲ್ಲೇ ತಡೆದ ನಗು. ಮಕ್ಕಳೂ ನಕ್ಕರು. ದೊಡ್ಡಮ್ಮನ ಧ್ವನಿ ಏರಿತು. ಮೊಣಕಾಲಿಗೆ ಅಂಟಿ ಕೂತ ಮಕ್ಕಳಿಗೆ ಅಷ್ಟು ಜೋರು ಬೇಕಿರಲಿಲ್ಲ.

ಮೇಸ್ತ್ರಮ್ಮ ಸದ್ದಾಗದಂತೆ ಕರಣೆ, ತೂಗುಗುಂಡು, ಬಕೆಟ್ಟು ಎತ್ತಿಕೊಂಡಳು. ಆದರೆ ಹೊಸಿಲು ದಾಟಲಾಗಲಿಲ್ಲ. ಗಂಡನೂ ಕೈಗಾಡಿ ಬಿಟ್ಟು ಒಳಗೆ ಬಂದು ಗೋಡೆಗೆ ಒರಗಿ ನಿಂತ. ಮೃಗ ಬೆಟ್ಟ ಇಳಿಯಿತು. ಒಂದೊಂದೇ ಮನೆಯ ಬೆಂಕಿ ಆರಿತು. ಕೊನೆಯ ಕೆಂಡವನ್ನು ಮೃಗ ನಾಲಗೆಯ ಮೇಲಿಟ್ಟುಕೊಂಡಿತು. ಹೂಂಗುಟ್ಟುವುದು ಸಣ್ಣದಾಯಿತು, ಉದ್ದವಾಯಿತು, ಎಲ್ಲೂ ತಪ್ಪಲಿಲ್ಲ.

"ಆಮೇಲೆ?" ಎಂದಳು ಕಿರಿಯ ಮೊಮ್ಮಗಳು. "ನುಂಗ್ತಾ? ಉಗುಳ್ತಾ?"

ದೊಡ್ಡಮ್ಮ ಮಾತು ನಿಲ್ಲಿಸಿದರು. ಈ ಸಲ ಮರೆತವರ ಹಾಗೆ ಕಾಣಲಿಲ್ಲ. ಬಗ್ಗಿ, ಬೆಚ್ಚಗಾಗಿದ್ದ ಮೃಗದ ಕುತ್ತಿಗೆಯ ಮೇಲೆ ಅಂಗೈ ಇಟ್ಟು, ಉರಿಯಾಚೆಯಿಂದ ಬರುವ ಮಾತಿಗೆ ಕಾದರು.

ಆಚೆ ಮನೆಯಲ್ಲಿ, ಬಾಲದ ಹತ್ತಿರ, ಮಣೆಯೊಂದು ನೆಲದ ಮೇಲೆ ಮುಂದಕ್ಕೆ ಸರಿದ ಸದ್ದಾಯಿತು.